ಗೋಡೆ ನೋಡಿ ಡ್ರಿಲ್ ಕೊಳ್ಳಿ

ಗೋಡೆಗೆ ತೂತು ಕೊರೆಯುವ ಮೆಷಿನ್ ಬಗ್ಗೆ ಹೆಂಗಸರ ಪತ್ರಿಕೆಯಲ್ಲಿ ಏನು ಬರೆಯೋದು ಅಂತ ನೀವು ಹುಬ್ಬೇರಿಸಬಹುದು. ಮಿಕ್ಸಿ, ಗ್ರೈಂಡರು, ಕುಕ್ಕರು ಕೊಳ್ಳುವಾಗ ನಾವು ಹತ್ತು ಅಂಗಡಿ ಸುತ್ತುತ್ತೇವೆ. ಮೋಟಾರು ಎಷ್ಟು ವ್ಯಾಟಿನದು, ಜಾರ್ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳಿ ಕೇಳಿ ಅಂಗಡಿಯವನ ತಲೆ ತಿನ್ನುತ್ತೇವೆ. ಆದರೆ ಡ್ರಿಲ್ ಅಂದ ಕೂಡಲೇ "ಅದೆಲ್ಲ ಗಂಡಸರ ಬಾಬತ್ತು" ಅಂತ ಒಳಗೆ ಹೋಗಿಬಿಡುತ್ತೇವೆ. ನಾನೂ ಹಾಗೇ ಇದ್ದವಳು. 2022ರಲ್ಲಿ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಹಾಗೆ ಇರಲು ಆಗಲಿಲ್ಲ.

ಅವರಿಗೆ ಎಪ್ಪತ್ತೆಂಟು ವರ್ಷ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಹಿಟ್ಟಿನ ಕಟ್ಟು ಹಾಕಿಸಿದ್ದಾಯಿತು. "ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಗಟ್ಟಿ ಹಿಡಿ ಹಾಕಿಸಿ" ಅಂತ ಡಾಕ್ಟರು ಹೇಳಿದರು. ಅದೇ ವಾರ ಪೇಟೆಯಿಂದ ಸ್ಟೀಲಿನ ಹಿಡಿ ತಂದೆವು. ಡ್ರಿಲ್ ಇರುವ ಒಬ್ಬರನ್ನು ಕರೆಸಿ, ಟೈಲ್ಸ್ ಗೋಡೆಗೆ ಹಾಕಿಸಿದೆವು. ನೋಡೋಕೆ ಚೆನ್ನಾಗಿಯೇ ಇತ್ತು.

ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಧಡ್ ಅಂತ ಸದ್ದು. ಓಡಿಹೋಗಿ ನೋಡಿದರೆ ಅತ್ತೆಯವರು ಗೋಡೆಗೆ ಒರಗಿ ಕೂತಿದ್ದಾರೆ, ಹಿಡಿ ಸ್ಕ್ರೂ ಸಮೇತ ಅವರ ಕೈಯಲ್ಲಿದೆ! ದೇವರ ದಯೆ, ಪೆಟ್ಟಾಗಲಿಲ್ಲ. ಆದರೆ ಅವತ್ತಿನಿಂದ ಅವರಿಗೆ ಬಚ್ಚಲೆಂದರೆ ಭಯ. ನಾನು ಬಾಗಿಲ ಬಳಿ ನಿಂತರೆ ಮಾತ್ರ ಸ್ನಾನ. ತನ್ನ ಕೆಲಸ ತಾನೇ ಮಾಡಿಕೊಂಡು ಬಂದ ಹಿರಿಯರು. ಬಾಗಿಲು ಅರ್ಧ ತೆರೆದಿಟ್ಟು, ಸೊಸೆಯನ್ನು ಕಾವಲಿಟ್ಟುಕೊಂಡು ಸ್ನಾನ ಮಾಡೋದು ಅವರಿಗೆ ಎಷ್ಟು ಹಿಂಸೆ ಆಗಿರಬೇಕು, ಯೋಚಿಸಿ.

ನಮ್ಮ ಮನೆಗೆ ಗಾರೆ ಕೆಲಸ ಮಾಡಿದ್ದ ವಯಸ್ಸಾದ ಮೇಸ್ತ್ರಿ ಬಂದು ನೋಡಿದರು. ಪೊರಕೆಯಿಂದ ಒಂದು ಕಡ್ಡಿ ಕಿತ್ತು ತೂತಿಗೆ ತೂರಿಸಿ, ಉಗುರು ಒತ್ತಿ ಗುರುತು ಮಾಡಿ ಹೊರಗೆಳೆದರು. ಸರಿಯಾಗಿ ಒಂದು ಇಂಚು. "ನೋಡಿ ತಾಯಿ, ಟೈಲ್ಸು ಕಾಲಿಂಚು, ಅದರ ಹಿಂದಿನ ಗಾರೆ ಮುಕ್ಕಾಲು ಇಂಚು. ನಿಮ್ಮ ಹಿಡಿ ಗೋಡೆಗೆ ಕೂತೇ ಇರಲಿಲ್ಲ, ಬರೀ ಗಾರೆಗೆ ಅಂಟಿಕೊಂಡಿತ್ತು" ಅಂದರು. ಆ ಜಾಗದಲ್ಲಿ ಹಿಂದೆ ಇರುವುದು ಕಾಂಕ್ರೀಟ್ ಕಂಬ. ತಂದಿದ್ದ ಮೆಷಿನ್ನಿಗೆ ಅದನ್ನು ಕೊರೆಯುವ ತ್ರಾಣ ಇರಲಿಲ್ಲ. ಅದು ಮುಂದಕ್ಕೆ ಹೋಗದೆ ಇದ್ದಾಗ ಪ್ಲಾಸ್ಟಿಕ್ ಪ್ಲಗ್ಗನ್ನೇ ಕತ್ತರಿಸಿ ಗಿಡ್ಡ ಮಾಡಿ ತುರುಕಿ, ಚಿಕ್ಕ ಸ್ಕ್ರೂ ಹಾಕಿ ಮುಗಿಸಿದ್ದರು. ಪಕ್ಕದಲ್ಲೇ ನಿಂತು ಕಾಫಿ ಕೊಟ್ಟವಳು ನಾನು. ಏನು ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ.

ಅವತ್ತಿನಿಂದ ಕೇಳಿ, ನೋಡಿ, ಕೈಯಲ್ಲಿ ಹಿಡಿದು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇಂಜಿನಿಯರ್ ಅಲ್ಲ. ನನಗೆ ಅರ್ಥವಾದದ್ದು ನಿಮಗೆ ಆಗದೇ ಇರೋದಿಲ್ಲ.

ಹೆಸರು ಒಂದೇ, ಮೆಷಿನ್ ಎರಡು

ಅಂಗಡಿಗೆ ಹೋಗಿ "ಹ್ಯಾಮರ್ ಡ್ರಿಲ್ ಕೊಡಿ" ಅಂದರೆ ಎರಡು ಬೇರೆ ಬೇರೆ ಮೆಷಿನ್ ತೋರಿಸುತ್ತಾರೆ. ಒಂದು ಇಂಪ್ಯಾಕ್ಟ್ ಡ್ರಿಲ್. ಇನ್ನೊಂದು ರೋಟರಿ ಹ್ಯಾಮರ್. ಎರಡೂ ತಿರುಗುತ್ತವೆ, ಎರಡೂ ಬಡಿಯುತ್ತವೆ. ಆದರೆ ಬಡಿಯುವ ರೀತಿಯಲ್ಲಿ ಅಜಗಜಾಂತರ.

ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಹಲ್ಲು ಹಲ್ಲಾಗಿರುವ ಎರಡು ಲೋಹದ ಬಿಲ್ಲೆಗಳಿರುತ್ತವೆ. ಗೆರೆ ಇರುವ ಎರಡು ನಾಣ್ಯಗಳ ಅಂಚನ್ನು ಒಂದಕ್ಕೊಂದು ಉಜ್ಜಿ ನೋಡಿ, ಟರ್ ಅಂತ ಕುಣಿಯುತ್ತವಲ್ಲ, ಹಾಗೆ ಅವು ಒಂದರ ಮೇಲೊಂದು ಹತ್ತಿ ಇಳಿಯುತ್ತವೆ. ನಿಮಿಷಕ್ಕೆ ನಲವತ್ತು ಸಾವಿರದ ಆಸುಪಾಸು ಬಡಿತ, ಆದರೆ ಒಂದೊಂದೂ ಬಲು ಸಣ್ಣದು. ನಾವು ಹಿಂದಿನಿಂದ ಮೈಭಾರ ಹಾಕಿ ಒತ್ತಿದರೆ ಮಾತ್ರ ಕೆಲಸ. ಇಟ್ಟಿಗೆ ಗೋಡೆಗೆ ಇದು ಧಾರಾಳ ಸಾಕು. ಕಾಂಕ್ರೀಟ್ ಸಿಕ್ಕಿತೋ, ಕಿರುಚುತ್ತದೆ, ಬಿಸಿಯಾಗುತ್ತದೆ, ಮುಂದೆ ಹೋಗುವುದಿಲ್ಲ.

ರೋಟರಿ ಹ್ಯಾಮರ್ ಒಳಗೆ ಗಾಳಿಯ ಕೊಳವೆ ಇರುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿ ನೋಡಿದ್ದೀರಾ? ಒಳಗಿನ ಗಾಳಿ ಸ್ಪ್ರಿಂಗಿನಂತೆ ವಾಪಸು ತಳ್ಳುತ್ತದೆ. ಇಲ್ಲಿಯೂ ಮೋಟಾರು ಒಂದು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತದೆ. ಅದರ ಮುಂದಿನ ಗಾಳಿ ಒತ್ತಿಕೊಂಡು ಒಂದು ಲೋಹದ ತುಂಡನ್ನು ಜೋರಾಗಿ ದೂಡುತ್ತದೆ. ಆ ತುಂಡಿನ ಪೆಟ್ಟು ಬಿಟ್ಟಿನ ಬೆನ್ನಿಗೆ ಬೀಳುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟು ಅಷ್ಟೆ, ಆದರೆ ಒಂದೊಂದೂ ಒನಕೆಯ ಪೆಟ್ಟು! ಭತ್ತ ಕುಟ್ಟುವಾಗ ಒನಕೆಯನ್ನು ಯಾರೂ ಒತ್ತುವುದಿಲ್ಲ, ಅದರ ಭಾರವೇ ಕೆಲಸ ಮಾಡುತ್ತದೆ. ಇದೂ ಹಾಗೇ. ಅದಕ್ಕೇ ಇದು ತೋಳಿನ ಬಲ ಕಡಿಮೆ ಇರುವ ನಮ್ಮಂಥವರಿಗೆ ಹೆಚ್ಚು ಅನುಕೂಲ. ಹಿಡಿದರೆ ಸಾಕು, ಗುದ್ದಾಡಬೇಕಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಜರ್ಮನಿಯ ಬಾಷ್ ಕಂಪನಿ ಇಂಥ ಸುತ್ತಿಗೆ ಮೆಷಿನ್ನನ್ನು 1932ರಲ್ಲೇ ಹೊರತಂದಿತ್ತು. ಬೆಂಗಳೂರಿನಲ್ಲಿ ಮೈಕೋ ಫ್ಯಾಕ್ಟರಿ ಅಂತ ಹೆಸರಾಗಿದ್ದು, 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತಲ್ಲ, ಅದೇ ಬಳಗ. ಬಿಟ್ಟನ್ನು ತೂರಿಸಿ, ತಿರುಗಿಸಿ, ಕಿಟಕ್ ಅಂತ ಕೂರಿಸುವ ಎಸ್‌ಡಿಎಸ್ ಅನ್ನೋ ಪದ್ಧತಿ ಬಂದದ್ದು 1975ರಲ್ಲಿ. ಈಗ ಬಹಳ ಕಂಪನಿಗಳು ಇದೇ ಪದ್ಧತಿಯ ಮೆಷಿನ್ ಮಾಡುತ್ತವೆ.

ಗುರುತು ಹಿಡಿಯೋದು ಸುಲಭ. ಮೆಷಿನ್ನಿನ ಬಾಯಿ ನೋಡಿ. ಮೂರು ದವಡೆ ಇದ್ದು, ಚಾವಿ ಹಾಕಿ ಬಿಗಿಯುವಂತಿದ್ದರೆ ಇಂಪ್ಯಾಕ್ಟ್ ಡ್ರಿಲ್. ಕತ್ತಿನ ಪಟ್ಟಿಯನ್ನು ಹಿಂದಕ್ಕೆಳೆದು ಬಿಟ್ ತೂರಿಸುವಂತಿದ್ದು, ಬಿಟ್ಟಿನ ಬಾಲದಲ್ಲಿ ಉದ್ದುದ್ದ ಕಾಲುವೆ ಕೊರೆದಿದ್ದರೆ ಅದು ರೋಟರಿ ಹ್ಯಾಮರ್. ಡಬ್ಬದ ಮೇಲಿನ ಹೆಸರನ್ನು ನಂಬಬೇಡಿ, ಬಾಯಿ ನೋಡಿ.

ಮೊದಲು ಗೋಡೆ ನೋಡಿ

ಯಾವ ಮೆಷಿನ್ ಬೇಕು ಅಂತ ಹೇಳಬೇಕಾದ್ದು ಅಂಗಡಿಯವನಲ್ಲ, ನಿಮ್ಮ ಗೋಡೆ. ನಮ್ಮ ಮನೆಯಲ್ಲೇ ಮೂರು ಥರದ ಗೋಡೆ ಇದೆ. ಹಿತ್ತಲ ಕಡೆಯ ಹಳೇ ಕೋಣೆ ಮಣ್ಣಿನ ಗೋಡೆ, ನಡುಮನೆ ಇಟ್ಟಿಗೆ, ಆಮೇಲೆ ಕಟ್ಟಿದ ಬಚ್ಚಲು ಮತ್ತು ಅಡುಗೆಮನೆಗೆ ಕಾಂಕ್ರೀಟ್ ಕಂಬ, ಮಧ್ಯೆ ಸಿಮೆಂಟ್ ಬ್ಲಾಕು.

ಮಣ್ಣಿನ ಗೋಡೆಗೆ ಯಾವ ಮೆಷಿನ್ನೂ ಬೇಡ. ತೂತು ಸಲೀಸಾಗಿ ಆಗುತ್ತದೆ, ಆದರೆ ಪ್ಲಗ್ ನಿಲ್ಲುವುದಿಲ್ಲ. ನಮ್ಮ ಹಿರಿಯರು ಕಟ್ಟುವಾಗಲೇ ಮರದ ಗೂಟ ಇಡುತ್ತಿದ್ದುದು ಸುಮ್ಮನೆ ಅಲ್ಲ.

ಇಟ್ಟಿಗೆ ಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ, ಇವಕ್ಕೆ 500-600 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ ಸಾಕು. ನಿಮ್ಮ ಮನೆ ಪೂರ್ತಿ ಇಂಥದ್ದೇ ಆಗಿದ್ದರೆ ರೋಟರಿ ಹ್ಯಾಮರಿಗೆ ದುಡ್ಡು ಹಾಕಬೇಡಿ. ಅದರ ಪೆಟ್ಟಿಗೆ ಮೆತ್ತನೆ ಇಟ್ಟಿಗೆ ಒಡೆದು ತೂತು ಅಗಲವಾಗುವುದೂ ಉಂಟು.

ಟೊಳ್ಳು ಬ್ಲಾಕು, ನೀರಿನಲ್ಲಿ ತೇಲುವಷ್ಟು ಹಗುರವಾದ ಬ್ಲಾಕು, ಇವಕ್ಕೆ ಬಡಿತವೇ ಬೇಡ. ಬರೀ ತಿರುಗಿಸಿ ಕೊರೆಯಬೇಕು. ಪ್ಲಗ್ಗೂ ಅವಕ್ಕೆ ಅಂತಲೇ ಬರುವುದನ್ನು ಕೇಳಿ ತರಬೇಕು.

ಕಾಂಕ್ರೀಟ್ ಕಂಬ, ತೊಲೆ, ಮೇಲಿನ ಮಾಳಿಗೆ, ಕಿಟಕಿ ಬಾಗಿಲ ಮೇಲಿನ ಲಿಂಟಲ್, ಗಟ್ಟಿ ಕಲ್ಲಿನ ಗೋಡೆ, ಇವಕ್ಕೆ ರೋಟರಿ ಹ್ಯಾಮರೇ ಆಗಬೇಕು. ಕಿಟಕಿ ಮೇಲೆ ಪರದೆಯ ಕಂಬಿ ಹಾಕುವಾಗ ತೂತು ಮುಂದಕ್ಕೇ ಹೋಗೋದಿಲ್ಲ ಅಂತ ಎಷ್ಟೋ ಜನ ಗೋಳಾಡೋದು ಇದಕ್ಕೇ. ಅಲ್ಲಿರುವುದು ಲಿಂಟಲ್.

ಗೋಡೆ ಯಾವುದು ಅಂತ ತಿಳಿಯದಿದ್ದರೆ ಬೆರಳ ಗಿಣ್ಣಿನಿಂದ ತಟ್ಟಿ ನೋಡಿ. ಟೊಳ್ಳಿನ ಸದ್ದು ಬೇರೆ, ಗಟ್ಟಿಯ ಸದ್ದು ಬೇರೆ. ಆಮೇಲೆ ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆಸಿ ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ ನುಣುಪು ಪುಡಿ ನಿಲ್ಲದೆ ಬರುತ್ತಿದ್ದು, ಬಿಟ್ ನಿಧಾನವಾದರೆ ಕಾಂಕ್ರೀಟು.

ಅಂಗಡಿಯಲ್ಲಿ ಏನು ನೋಡಬೇಕು?

ರೋಟರಿ ಹ್ಯಾಮರೇ ಬೇಕು ಅಂತಾದರೆ, ಮನೆಗೆ ಚಿಕ್ಕದು ಸಾಕು. 20, 22, 24, 26 ಮಿಲಿಮೀಟರ್ ಅಂತ ಅಳತೆ ಹೇಳುತ್ತಾರೆ. ಆ ಮೆಷಿನ್ ಕಾಂಕ್ರೀಟಿನಲ್ಲಿ ಎಷ್ಟು ದಪ್ಪದ ತೂತು ಮಾಡಬಲ್ಲದು ಅನ್ನೋ ಲೆಕ್ಕ ಅದು. ನಮಗೆ ಬೇಕಾಗೋದು 6, 8, 10, ಬಹಳವಾದರೆ 12 ಮಿಲಿಮೀಟರಿನ ತೂತು. ಆದ್ದರಿಂದ 20ರಿಂದ 26ರ ಒಳಗೆ ಯಾವುದಾದರೂ ಸರಿ. ಐದಾರು ಕಿಲೋ ತೂಗುವ, ಗೋಡೆ ಒಡೆಯುವ ದೊಡ್ಡ ಮೆಷಿನ್ನನ್ನು "ಸ್ವಲ್ಪವೇ ಜಾಸ್ತಿ ದುಡ್ಡು ಮೇಡಂ" ಅಂತ ಮುಂದಿಟ್ಟರೆ ಬೇಡ ಅನ್ನಿ. ಅದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಪೆಟ್ಟಿನ ಬಲವನ್ನು ಜೂಲ್ ಅನ್ನೋ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ಕಿಲೋ ಕಲ್ಲು ಒಂದು ಗೇಣು ಎತ್ತರದಿಂದ ಬಿದ್ದರೆ ಆಗುವ ಪೆಟ್ಟು ಸುಮಾರು ಎರಡು ಜೂಲ್. ಮನೆಗೆ ಒಂದೂವರೆಯಿಂದ ಮೂರು ಜೂಲ್ ಸಾಕು. ಬರೀ ವ್ಯಾಟ್ ನೋಡಿ ಮೋಸ ಹೋಗಬೇಡಿ, ಜೂಲ್ ಎಷ್ಟು ಅಂತ ಕೇಳಿ.

ಮೂರು ಕೆಲಸದ ಗುಂಡಿ ಇದೆಯೇ ನೋಡಿ. ಬರೀ ತಿರುಗೋದು ಮರಕ್ಕೆ ಮತ್ತು ಟೈಲ್ಸಿಗೆ, ತಿರುಗುತ್ತಾ ಬಡಿಯೋದು ಕಾಂಕ್ರೀಟಿಗೆ, ಬರೀ ಬಡಿಯೋದು ಉಳಿ ಹಾಕಿ ಗಾರೆ ಕೆತ್ತಲು.

ಸೇಫ್ಟಿ ಕ್ಲಚ್ ಇರಲೇಬೇಕು. ಬಿಟ್ ಒಳಗಿನ ಕಬ್ಬಿಣದ ಸರಳಿಗೆ ಸಿಕ್ಕಿ ನಿಂತರೆ ಮೆಷಿನ್ನೇ ಗಿರ್ರನೆ ತಿರುಗಿ ಮಣಿಕಟ್ಟು ತಿರುಚಿಬಿಡಬಹುದು. ಕ್ಲಚ್ ಇದ್ದರೆ ಕರಕರ ಅಂತ ಸದ್ದು ಮಾಡಿ ಜಾರಿಕೊಂಡು ಆ ಎಳೆತವನ್ನು ತಗ್ಗಿಸುತ್ತದೆ. ಪಕ್ಕದ ಹಿಡಿಕೆ, ಆಳ ಅಳೆಯುವ ಕಡ್ಡಿ, ಹಿಂದಕ್ಕೆ ತಿರುಗುವ ಸೌಕರ್ಯ, ಬೆರಳು ಒತ್ತಿದಷ್ಟೇ ವೇಗ, ಇವೂ ಇರಲಿ.

ಕೊನೆಗೆ ಕೈಯಲ್ಲಿ ಹಿಡಿದು ನೋಡಿ, ನಾಚಿಕೆ ಬೇಡ. ಎರಡೂ ಕೈಯಲ್ಲಿ ಭುಜದ ಮಟ್ಟಕ್ಕೆ ಎತ್ತಿ ಇಪ್ಪತ್ತರವರೆಗೆ ಎಣಿಸಿ. ತೋಳು ನಡುಗಿದರೆ ಅದು ನಿಮಗೆ ಭಾರವಾಯಿತು. ಈ ಅಳತೆಯವು ಎರಡರಿಂದ ಮೂರು ಕಿಲೋ ಇರುತ್ತವೆ. ಆ ಅರ್ಧ ಕಿಲೋ ವ್ಯತ್ಯಾಸ ಏಣಿ ಮೇಲೆ ನಿಂತಾಗ ಗೊತ್ತಾಗುತ್ತದೆ. ಗುಂಡಿಗೆ ಬೆರಳು ಸಲೀಸಾಗಿ ಎಟುಕುತ್ತದೆಯೇ ನೋಡಿಕೊಳ್ಳಿ. ಬಹಳ ಮೆಷಿನ್ನುಗಳನ್ನು ಗಂಡಸರ ಅಂಗೈ ಅಳತೆಗೇ ಮಾಡಿರುತ್ತಾರೆ.

ಬಿಲ್ಲು, ಗ್ಯಾರಂಟಿ ಕಾರ್ಡು ಬಿಡಬೇಡಿ. ರಿಪೇರಿ ಎಲ್ಲಿ, ಕಾರ್ಬನ್ ಬ್ರಷ್ ಸಿಗುತ್ತದೆಯೇ ಅಂತ ಮೊದಲೇ ಕೇಳಿ. ಮಿಕ್ಸಿಯಂತೆ ಇದಕ್ಕೂ ಸವೆಯುವುದು ಅದೇ. ಬ್ಯಾಟರಿಯಲ್ಲಿ ನಡೆಯುವುದೂ ಬಂದಿದೆ, ಆದರೆ ದುಬಾರಿ, ಮತ್ತು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಬ್ಯಾಟರಿಗೂ ಒಳ್ಳೆಯದಲ್ಲ. ಅಪರೂಪಕ್ಕೆ ಬಳಸುವವರಿಗೆ ವೈರಿನದೇ ಸರಿ. 800 ವ್ಯಾಟಿನ ಮೆಷಿನ್ ಎಳೆಯುವುದು ಮೂರೂವರೆ ಆಂಪಿಯರ್ ಅಷ್ಟೆ, ಮನೆಯ ಸಾಮಾನ್ಯ ಪ್ಲಗ್ಗಿನಲ್ಲೇ ನಡೆಯುತ್ತದೆ.

ಕೊಳ್ಳಲೇಬೇಕೇ?

"ಐದು ತೂತಿಗೆ ಆರೂವರೆ ಸಾವಿರವೇ?" ಅಂತ ನಮ್ಮ ಯಜಮಾನರು ಕೇಳಿದರು. ಅವರ ಮಾತಲ್ಲಿ ಅರ್ಥ ಇತ್ತು. ವರ್ಷಕ್ಕೆ ಎರಡು ಮೊಳೆ ಹೊಡೆಯುವ ಮನೆಗೆ ಇದು ದಂಡವೇ. ಕೆಲವು ಹಾರ್ಡ್‌ವೇರ್ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಕೊಡುತ್ತಾರೆ. ಮೆಷಿನ್ ಇರುವವರನ್ನು ಕರೆಸಿದರೂ ಆಯಿತು. ಕರೆಸುವಾಗ "ಕಾಂಕ್ರೀಟಿಗೆ ಕೊರೆಯಬೇಕು, ರೋಟರಿ ಹ್ಯಾಮರ್ ತನ್ನಿ" ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳದೇ ಹೋದದ್ದು ಈ ಒಂದೇ ಮಾತು.

ನಮಗೆ ಮಾತ್ರ ಬಚ್ಚಲಿಗೆ ಎರಡು ಹಿಡಿ, ಅಡುಗೆಮನೆಗೆ ಅಟ್ಟಣಿಗೆ, ಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಕಂಬಿ ಎಲ್ಲ ಬಾಕಿ ಇತ್ತು. ಚೀಟಿ ಹಣ ಬಂದಿತ್ತು, 2023ರಲ್ಲಿ ಕೊಂಡೆ. ಈಗ ನಮ್ಮ ಬೀದಿಯ ನಾಲ್ಕು ಮನೆಗೆ ಅದು ಹೋಗಿಬಂದಿದೆ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ನಡೆಯುತ್ತದೆ.

ಕೊರೆಯುವ ಮುನ್ನ

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ಕೊರೆಯಬೇಡಿ, ಗೋಡೆಯೊಳಗೆ ವೈರು ಹೋಗಿರುತ್ತದೆ. ನಲ್ಲಿ ಮತ್ತು ಗೀಸರಿನ ನೇರಕ್ಕೂ ಬೇಡ, ಪೈಪು ಇರುತ್ತದೆ. ಅನುಮಾನ ಇದ್ದರೆ ಆ ಕೋಣೆಯ ಕರೆಂಟ್ ತೆಗೆದು, ಬೇರೆ ಕೋಣೆಯಿಂದ ವೈರು ಎಳೆದುಕೊಳ್ಳಿ. ಬಚ್ಚಲು ಪೂರ್ತಿ ಒಣಗಿರಬೇಕು.

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಜಡೆ ಕಟ್ಟಿ, ಬಳೆ ತೆಗೆದಿಡಿ, ತಾಳಿ ಸರ ರವಿಕೆಯೊಳಗೆ ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಕಾಂಕ್ರೀಟಿನ ನುಣುಪು ಪುಡಿಯಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ತೂತಿನ ಕೆಳಗೆ ಹಳೇ ಲಗ್ನಪತ್ರಿಕೆಯ ಲಕೋಟೆಯನ್ನು ಬಾಯಿ ತೆರೆದು ಟೇಪಿನಿಂದ ಅಂಟಿಸಿದರೆ ಪುಡಿ ಅದರಲ್ಲೇ ಬೀಳುತ್ತದೆ, ಗುಡಿಸುವ ಕೆಲಸ ಉಳಿಯುತ್ತದೆ. ಬಿಟ್ ಬದಲಿಸುವಾಗಲೆಲ್ಲ ಪ್ಲಗ್ ಕಿತ್ತಿರಬೇಕು. ಬಿಟ್ಟಿನ ಬಾಲಕ್ಕೆ ಚಿಟಿಕೆಯಷ್ಟು ಗ್ರೀಸ್ ಸವರಿ.

ಟೈಲ್ಸಿನ ಮೇಲೆ ಮೊದಲೇ ಬಡಿತ ಹಾಕಿದರೆ ಸೀಳು ಬರುವುದು ಖಂಡಿತ. ಟೇಪ್ ಅಂಟಿಸಿ ಗುರುತು ಮಾಡಿ, ಟೈಲ್ಸಿನ ಬಿಟ್ ಹಾಕಿ, ಬರೀ ತಿರುಗಿಸಿ ನಿಧಾನವಾಗಿ ಟೈಲ್ಸ್ ದಾಟಿಸಬೇಕು. ಆಮೇಲೆ ಬಿಟ್ ಬದಲಿಸಿ ಬಡಿತ ಹಾಕಬೇಕು. ಮಧ್ಯೆ ಕಬ್ಬಿಣದ ಸರಳು ಸಿಕ್ಕಿದರೆ ಹಟ ಬೇಡ. ಅದು ಮನೆಯ ಮೂಳೆ. ನಿಲ್ಲಿಸಿ, ತೂತಿನ ಜಾಗ ಸ್ವಲ್ಪ ಬದಲಿಸಿ.

ಆಳದ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ. ಟೈಲ್ಸ್, ಗಾರೆ ಎರಡೂ ಲೆಕ್ಕಕ್ಕಿಲ್ಲ. ಅವನ್ನು ದಾಟಿದ ಮೇಲೆ ಪ್ಲಗ್ಗಿನ ಉದ್ದ, ಅದರ ಮೇಲೆ ಅರ್ಧ ಇಂಚು. ಎರಡು ಇಂಚಿನ ಪ್ಲಗ್ ಆದರೆ ಟೈಲ್ಸಿನ ಮುಖದಿಂದ ಮೂರೂವರೆ ಇಂಚು. ಸ್ಕ್ರೂ ಕೂಡ ಆ ಪ್ಲಗ್ಗಿನ ತುದಿ ಮುಟ್ಟುವಷ್ಟು ಉದ್ದ ಇರಬೇಕು. 8ರ ಪ್ಲಗ್ಗಿಗೆ 8ರ ಬಿಟ್, 10ಕ್ಕೆ 10. ಪುಡಿ ಒಳಗೇ ಉಳಿದರೆ ಪ್ಲಗ್ ಹಿಡಿಯುವುದಿಲ್ಲ. ಬಾಯಿಂದ ಊದಬೇಡಿ, ಕಣ್ಣಿಗೆ ಬೀಳುತ್ತದೆ. ಹಳೇ ಬಾಟಲಿ ಬ್ರಷ್ಷಿನಿಂದ ಎಳೆದು ತೆಗೆಯಿರಿ.

ಹಿಡಿ ಕೂತ ದಿನ

ಮೇಸ್ತ್ರಿ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಕೊರೆದದ್ದು ನಾನು. ಹಳೇ ತೂತುಗಳಿಂದ ಮೂರು ಇಂಚು ಮೇಲಕ್ಕೆ, ಅತ್ತೆಯವರನ್ನೇ ನಿಲ್ಲಿಸಿ ಅವರ ಕೈ ಸಹಜವಾಗಿ ಹೋಗುವ ಎತ್ತರಕ್ಕೆ ಗುರುತು ಮಾಡಿಕೊಂಡೆವು. ಮೊದಲ ತೂತಿಗೆ ಕೈ ನಡುಗಿತು. ಎರಡನೆಯದಕ್ಕೆ ಧೈರ್ಯ ಬಂತು. ಹಿಂದೆ ಹತ್ತು ನಿಮಿಷ ಕಿರುಚಿಯೂ ಇಳಿಯದ ಕಂಬದಲ್ಲಿ ಇದು ಒಂದು ನಿಮಿಷದೊಳಗೆ ಇಳಿಯಿತು. ನಾನು ಪೊರಕೆ ಕಡ್ಡಿ ತೂರಿಸಿ ಅಳೆದೆ, ಪೂರಾ ಮೂರೂವರೆ ಇಂಚು. ಒಂದೊಂದು ತುದಿಗೆ ಮೂರು ಮೂರು ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿ ಬಿಗಿದೆವು.

ಮೊದಲು ನಾನು ಹಿಡಿದು ಜೋತುಬಿದ್ದೆ. ಆಮೇಲೆ ನಮ್ಮ ಯಜಮಾನರನ್ನು ಕರೆದು ಜೋತುಬೀಳಿಸಿದೆ. ಅವರದು ಎಂಬತ್ತು ಕಿಲೋ. ಹಿಡಿ ಮಿಸುಕಲಿಲ್ಲ. ಆಮೇಲೇ ಅತ್ತೆಯವರನ್ನು ಕರೆದದ್ದು. ಅವರು ಎರಡು ಸಲ ಎಳೆದು ನೋಡಿದರು, ಏನೂ ಮಾತಾಡಲಿಲ್ಲ. ಮಾರನೇ ದಿನ ನಾನು ಎಂದಿನಂತೆ ಬಾಗಿಲ ಬಳಿ ನಿಲ್ಲಲು ಹೋದರೆ, ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. "ನೀನು ಹೋಗಿ ಒಲೆ ಮೇಲಿನ ಹಾಲು ನೋಡು" ಅಂದರು.

ನೀವು ಮೆಷಿನ್ ಕೊಳ್ಳಿ, ಬಿಡಿ. ಆದರೆ ನಿಮ್ಮ ಮನೆಯಲ್ಲಿ ವಯಸ್ಸಾದವರು ಹಿಡಿಯುವ ಹಿಡಿ, ಮಕ್ಕಳ ತಲೆಯ ಮೇಲಿರುವ ಅಟ್ಟಣಿಗೆ, ಇವನ್ನು ಯಾರೇ ಕೂರಿಸಲಿ, ಪ್ಲಗ್ ತುರುಕುವ ಮೊದಲು "ಒಂದು ನಿಮಿಷ ತಾಳಿ" ಅಂತ ಹೇಳಿ ಪೊರಕೆ ಕಡ್ಡಿ ತಂದು ಅಳೆಯಿರಿ. ಅದಕ್ಕೆ ಕಾಸೂ ಖರ್ಚಿಲ್ಲ.